ಕೊಡುಗೆಯೋ, ಕೊಡಬೇಕಾದುದೋ?

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ: ಇವು ಶ್ರಾವಕನ ಆರು ನಿತ್ಯಕರ್ಮಗಳು. ಇವುಗಳಲ್ಲಿ ದಾನವೇ ಎಲ್ಲಕ್ಕಿಂತ ಸುಲಭವೆಂಬುದು ಅನೇಕರ ಭಾವನೆ. ಕೈಯೆತ್ತಿ ಕೊಟ್ಟರೆ ಮುಗಿಯಿತು, ಪುಣ್ಯ ಬಂದಿತು ಎಂಬ ಎಣಿಕೆ. ಆದರೆ ಕೊಟ್ಟುದೆಲ್ಲವೂ ದಾನವಾಗುವುದೇ? ಕೊಡುವ ಕೈ ಯಾವುದನ್ನು ಕೊಡುತ್ತಿದೆ, ತನ್ನದನ್ನೋ ಪರರದನ್ನೋ ಎಂದು ಪರೀಕ್ಷಿಸಿಕೊಳ್ಳುವವರು ವಿರಳ.

ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯಂಕಂಚಿ ಗ್ರಾಮದ ಹಿರಿಯ ಶ್ರಾವಕರೊಬ್ಬರಿಗೆ ಈ ಪ್ರಶ್ನೆ ಎದುರಾದುದು ಎಪ್ಪತ್ತರ ವಯಸ್ಸಿನಲ್ಲಿ, ಅದೂ ಊರಿನಿಂದ ಬಹುದೂರದಲ್ಲಿ. ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವ ಒಕ್ಕಲುತನ ಅವರದು. ರಾತ್ರಿಭೋಜನ ತ್ಯಾಗ, ಕಂದಮೂಲ ವರ್ಜನೆ, ಸೋಸಿದ ನೀರಿನ ಸೇವನೆ ಇವುಗಳಲ್ಲಿ ಒಂದು ದಿನವೂ ತಪ್ಪಿದವರಲ್ಲ. ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಯಾರ ಒಂದು ಪೈಸೆಯನ್ನೂ ಉಳಿಸಿಕೊಂಡವರಲ್ಲ ಎಂದು ಊರಿನಲ್ಲಿ ಹೆಸರು. ಅವರ ನಂಬಿಕೆಯೂ ಅದೇ.

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ನೆಲೆಸಿದ ಮಗಳ ಮನೆಗೆ ಅವರು ಹೋಗಿದ್ದರು. ಒಂದು ಸಂಜೆ ಎಲ್ಲರೂ ಹೊರಗೆ ಊಟಕ್ಕೆ ಹೋದರು. ಇಂದಿನ ಖರ್ಚು ತಮ್ಮದೆಂದು ಹಿರಿಯರು ಮೊದಲೇ ಹೇಳಿದ್ದರು. ಬಡಿಸಲು ಬಂದ ಯುವತಿಗೆ ಮಗಳು ವಿವರಿಸಿದಳು: ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗಡ್ಡೆ ಬೇಡ, ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು. ಆ ಯುವತಿ ಎರಡು ಬಾರಿ ಅಡುಗೆಮನೆಗೆ ಹೋಗಿ ಬಾಣಸಿಗನನ್ನು ವಿಚಾರಿಸಿ ಬಂದಳು. ಸಂದೇಹವಿದ್ದ ಒಂದು ಪದಾರ್ಥವನ್ನು ತಾನಾಗಿಯೇ ಹಿಂದಕ್ಕೆ ಒಯ್ದು ಬೇರೆಯದನ್ನು ತಂದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಿತು. ಬಿಲ್ಲು 50 ಡಾಲರ್. ಹಿರಿಯರು 50 ಡಾಲರನ್ನು ಎಣಿಸಿ ಇಟ್ಟು ಎದ್ದರು.

ಹೊರಗೆ ಬಂದಾಗ ಅಳಿಯಂದಿರು ಕನ್ನಡಕ ಮರೆತೆನೆಂದು ಹೇಳಿ ಒಳಗೆ ಹೋದರು. ಅವರು ಮೇಜಿನ ಮೇಲೆ 10 ಡಾಲರ್ ಇಡುವುದನ್ನು ಹಿರಿಯರು ಗಾಜಿನ ಆಚೆಯಿಂದ ಕಂಡರು. ಮನೆ ಸೇರುವವರೆಗೆ ಮಾತಿಲ್ಲ. ತಾವು ಊಟದ ಬೆಲೆ ತೆತ್ತಾಗಿದೆ. ಸಂಬಳ ಕೊಡಲು ಯಜಮಾನನಿದ್ದಾನೆ. ಹೀಗಿರುವಾಗ ಬಕ್ಷೀಸು ಕೊಡುವುದು ಕೈಚಾಚುವ ರೂಢಿಗೆ ಇಂಬು ಕೊಟ್ಟಂತೆ ಎಂಬುದು ಅವರ ವಾದ. ಅದಕ್ಕೆ ಮಗಳು ಕೊಟ್ಟ ಉತ್ತರ ಒಂದೇ: “ಅಪ್ಪಾ, ಅದು ಬಕ್ಷೀಸ್ ಅಲ್ಲ. ಆಕಿ ಪಗಾರ ಅದು.”

ಮಗಳ ಮಾತು ಅತಿಶಯೋಕ್ತಿಯಲ್ಲ. ಅಮೆರಿಕದ ಕೇಂದ್ರ ಕಾನೂನಿನಂತೆ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ದೊರೆಯುವ ಕೆಲಸಗಾರರಿಗೆ ಯಜಮಾನನು ತನ್ನ ಕೈಯಿಂದ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. ಈ ಮೊತ್ತ 1991ರಿಂದ ಬದಲಾಗಿಲ್ಲ. ಮಿಕ್ಕುದನ್ನು ಗ್ರಾಹಕರು ತುಂಬಬೇಕು. ಅವರು ತುಂಬದಿದ್ದರೆ ಯಜಮಾನನೇ ಭರಿಸಬೇಕೆಂದು ಕಾನೂನು ವಿಧಿಸುತ್ತದೆ. ಪಾಲನೆ ಮಾತ್ರ ಎಲ್ಲೆಡೆಯೂ ಸಮನಾಗಿಲ್ಲ. ಕ್ಯಾಲಿಫೋರ್ನಿಯದಂತಹ ರಾಜ್ಯಗಳಲ್ಲಿ ಟಿಪ್ಸ್ ಅನ್ನು ಲೆಕ್ಕಿಸದೆ ಪೂರ್ಣ ಕನಿಷ್ಠ ಕೂಲಿ ಕೊಡಬೇಕು, ಟೆಕ್ಸಾಸಿನಲ್ಲಿ ಹಾಗಿಲ್ಲ. ಆದುದರಿಂದಲೇ ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20ರಷ್ಟು ಇಡುವುದು ಅಲ್ಲಿ ಸಾಮಾನ್ಯ ರೂಢಿ.

ಈ ರೂಢಿಯ ಬೇರು ಔದಾರ್ಯದಲ್ಲಿಲ್ಲ. ಅಮೆರಿಕದ ಅಂತರ್ಯುದ್ಧದ ನಂತರ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರನ್ನು ಪುಲ್‌ಮನ್ ಕಂಪನಿಯು ತನ್ನ ರೈಲುಗಳ ಮಲಗುವ ಡಬ್ಬಿಗಳಲ್ಲಿ ಪರಿಚಾರಕರನ್ನಾಗಿ ನೇಮಿಸಿಕೊಂಡಿತು. ಅವರಿಗೆ ಅತ್ಯಲ್ಪ ಸಂಬಳವಿತ್ತು, ಉಳಿದುದಕ್ಕೆ ಪ್ರಯಾಣಿಕರ ಬಕ್ಷೀಸೇ ಗತಿ. ಅವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಬಂದುದು 1937ರಲ್ಲಿ. ಕೂಲಿಯನ್ನು ಕೃಪೆಯ ರೂಪಕ್ಕೆ ತಿರುಗಿಸುವುದು ಎಷ್ಟು ಸುಲಭ, ಅದನ್ನು ಮತ್ತೆ ಕೂಲಿಯನ್ನಾಗಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದೇ ಸಾಕ್ಷಿ.

ಹಿರಿಯರು ಅಂದಿನ ಸ್ವಾಧ್ಯಾಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದರು. ಅನುಗ್ರಹಕ್ಕಾಗಿ ತನ್ನ ವಸ್ತುವನ್ನು ತ್ಯಜಿಸುವುದು ದಾನ ಎಂಬುದು ಅಲ್ಲಿ ಉಮಾಸ್ವಾಮಿಗಳ ಲಕ್ಷಣ. ನೂರಾರು ಬಾರಿ ಓದಿದ ಸೂತ್ರದಲ್ಲಿ ‘ತನ್ನ’ ಎಂಬ ಪದ ಅಂದು ಮೊದಲ ಬಾರಿಗೆ ಅವರನ್ನು ತಡೆದು ನಿಲ್ಲಿಸಿತು. ಯಾವುದು ಇನ್ನೊಬ್ಬರಿಗೆ ಸಲ್ಲಬೇಕಾದುದೋ ಅದು ತನ್ನದಲ್ಲ. ತನ್ನದಲ್ಲದ್ದನ್ನು ಕೊಟ್ಟರೆ ಋಣ ತೀರುತ್ತದೆ, ದಾನವಾಗುವುದಿಲ್ಲ. ಇಟ್ಟುಕೊಂಡರೆ ಅಚೌರ್ಯಾಣುವ್ರತಕ್ಕೆ ಕಳಂಕ. ಅದೇ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಗಾಡಿಯ ಎತ್ತಿಗೆ ಅತಿಭಾರ ಹೇರಬಾರದೆಂದು ಅವರು ಜೀವಮಾನವಿಡೀ ಎಚ್ಚರ ವಹಿಸಿದ್ದರು. ತಮ್ಮ ವ್ರತದ ಭಾರವನ್ನು ಹೊತ್ತು ಅಡುಗೆಮನೆಗೆ ಎರಡು ಬಾರಿ ಅಲೆದವಳ ಅನ್ನವನ್ನು ಮಾತ್ರ ಮರೆತಿದ್ದರು.

ಹಾಗೆಂದು ಎಲ್ಲ ದೇಶಗಳಲ್ಲಿಯೂ ಒಂದೇ ನಿಯಮವನ್ನು ಅನುಸರಿಸುವುದು ವಿವೇಕವಲ್ಲ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟರೆ ಮರೆತು ಹೋದಿರೆಂದು ಹಿಂದೆ ಓಡಿಬಂದು ಕೊಡುವವರಿದ್ದಾರೆ. ಫ್ರಾನ್ಸಿನಲ್ಲಿ ಸೇವೆಯ ಬೆಲೆ ಊಟದ ದರದಲ್ಲಿಯೇ ಸೇರಿರುತ್ತದೆ. ಮೇಲೆ ಕೊಡುವುದು ಕೇವಲ ಸಂತೋಷದ ಕಾಣಿಕೆ. ಭಾರತದಲ್ಲಿ ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಸೂಚಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇನ್ನು ಅಧಿಕಾರದಲ್ಲಿರುವವನ ಕೈಗೆ ಕೆಲಸ ಆಗಲೆಂದು ಕೊಡುವ ‘ಚಹಾ ಖರ್ಚು’ ಶುದ್ಧ ಲಂಚ. ಅಮೆರಿಕದ ಅಂಚೆಯವನು ಹಬ್ಬಕ್ಕೂ ನಗದು ಸ್ವೀಕರಿಸುವಂತಿಲ್ಲ. ಒಮ್ಮೆಗೆ 20 ಡಾಲರ್ ಮೀರದ ಚಿಕ್ಕ ಉಡುಗೊರೆಯನ್ನು ಮಾತ್ರ ಪಡೆಯಬಹುದು. ಕೂಲಿ, ಕಾಣಿಕೆ, ಲಂಚ ಈ ಮೂರಕ್ಕೂ ಲೋಕದಲ್ಲಿ ಬಕ್ಷೀಸು ಎಂಬ ಒಂದೇ ಹೆಸರು. ಪರದೇಶಕ್ಕೆ ಹೋದವನು ಮೊದಲು ತಿಳಿಯಬೇಕಾದುದು ಅಲ್ಲಿ ಆ ಹೆಸರು ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು.

ಹಿರಿಯರ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಶಿಖರ್ಜಿ ಯಾತ್ರೆಯ ನೆನಪು ಬಂದಿತು. ಮಧುವನದಿಂದ ಹೊರಟು ಬೆಟ್ಟವೇರಿ, ವಂದನೆ ಮುಗಿಸಿ ಇಳಿಯಲು ಸುಮಾರು 27 ಕಿಲೋಮೀಟರ್. ಡೋಲಿ ಹೊತ್ತವರೊಡನೆ ಐವತ್ತು ರೂಪಾಯಿಗೆ ಚೌಕಾಶಿ ಮಾಡಿ, ಉಳಿದ ಹಣವನ್ನು ಹುಂಡಿಗೆ ಹಾಕಿದ್ದರು. ಆಗ ಅದು ಪುಣ್ಯವೆಂದೇ ತೋರಿತ್ತು. ಅದಕ್ಕಿಂತ ಹತ್ತಿರದ ನೆನಪು ಹೊಲದ ಆಳುಮಗನದು. ಇಪ್ಪತ್ತೆರಡು ವರ್ಷ ದುಡಿದವನು. ಪ್ರತಿ ದೀಪಾವಳಿಗೆ, ವೀರನಿರ್ವಾಣದ ಪೂಜೆಯ ನಂತರ, ಅವನ ಮನೆಮಂದಿಗೆಲ್ಲ ಹೊಸ ಬಟ್ಟೆ. ರಾಶಿಯ ಕಾಲಕ್ಕೆ ಒಂದು ಚೀಲ ಜೋಳ. ಊರವರು ಹೊಗಳುತ್ತಿದ್ದರು. ಪಗಾರ ಮಾತ್ರ ಸುತ್ತಲಿನ ಹೊಲಗಳ ಕೂಲಿಗಿಂತ ಕಡಿಮೆಯಾಗಿಯೇ ಉಳಿದಿತ್ತು. ಹೆಚ್ಚಿಸೆಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಬಟ್ಟೆ ತೊಡಿಸಿದವರನ್ನು ಕೇಳುವುದು ಹೇಗೆ? ಕೊಡಬೇಕಾದುದನ್ನು ತಡೆದು ಅದರ ಒಂದು ಪಾಲನ್ನು ಕೊಡುಗೆಯೆಂದು ಕೊಟ್ಟು, ಕೃತಜ್ಞತೆಯನ್ನೂ ವಸೂಲು ಮಾಡಿದಂತಾಗಿತ್ತು. ಡಲ್ಲಾಸಿನ ಹೋಟೆಲಿನ ಯಜಮಾನನಿಗೂ ತಮಗೂ ಭೇದವೇನು ಎಂಬ ಪ್ರಶ್ನೆಗೆ ಅವರ ಲೆಕ್ಕದ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿದ ಮೇಲೆ ಬಂದ ದೀಪಾವಳಿಯಲ್ಲಿ ಅವರು ಆಳುಮಗನನ್ನು ಕರೆದು, ಸುತ್ತಲಿನ ಕೂಲಿಗೆ ಸಮನಾಗಿ ಪಗಾರ ಏರಿಸಿರುವುದನ್ನು ತಿಳಿಸಿ, ಹಿಂದಿನ ಬಾಕಿಯೆಂದು ಒಂದು ಮೊತ್ತವನ್ನು ಅವನ ಕೈಯಲ್ಲಿಟ್ಟರು. ಅವನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಲೆಕ್ಕ ಮುಗಿಸಿ ಕಳಿಸುತ್ತಿದ್ದಾರೆಂದು ಭಾವಿಸಿದನೇನೋ, “ಧಣ್ಯಾರ, ಈ ಸಲ ಅರಿವಿ ಇಲ್ಲೇನ್ರಿ?” ಎಂದು ಅಳುಕುತ್ತ ಕೇಳಿದನು.

ಹಿರಿಯರು ಒಳಗೆ ಹೋಗಿ ಬಟ್ಟೆಯ ಗಂಟನ್ನು ತಂದು ಕೊಟ್ಟರು. “ಅದು ನಿಂದು. ಇದು ನಂದು” ಎಂದರು.

ಇಪ್ಪತ್ತೆರಡು ವರ್ಷಗಳಲ್ಲಿ ಅವರು ಅವನಿಗೆ ಕೊಟ್ಟ ಮೊದಲನೆಯ ದಾನ ಅದೇ.