ಆಪಾನಭೂಮಿಯಲ್ಲಿ ಒಂದು ಸಂಜೆ

ರಘುವಂಶದ ನಾಲ್ಕನೆಯ ಸರ್ಗವನ್ನು ಮನೆಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ನಾನು ಅನೇಕ ವರ್ಷ ಪಾಠ ಹೇಳಿದ್ದುಂಟು. ರಘುವಿನ ಯೋಧರು ಮಹೇಂದ್ರಗಿರಿಯ ಸೀಮೆಯಲ್ಲಿ ವೀಳ್ಯದೆಲೆಗಳನ್ನು ಹಾಸಿ ಆಪಾನಭೂಮಿಯನ್ನು ರಚಿಸಿಕೊಂಡು, ತೆಂಗಿನ ಮದ್ಯವನ್ನೂ ಅದರೊಡನೆ ಶತ್ರುವಿನ ಯಶಸ್ಸನ್ನೂ ಕುಡಿದರೆಂದು ಕವಿಯು ವರ್ಣಿಸಿರುವನು. ಅಲಂಕಾರವನ್ನು ವಿವರಿಸಿ ನಾನು ಬೇಗನೆ ಮುಂದಿನ ಶ್ಲೋಕಕ್ಕೆ ಹೋಗಿಬಿಡುತ್ತಿದ್ದೆನು.

ನನ್ನ ತಂಗಿಯ ಮಗನೂ ಅದನ್ನು ನನ್ನಲ್ಲಿಯೇ ಓದಿದವನು. ತಂದೆಯಿಲ್ಲದ ಹುಡುಗ, ನಮ್ಮ ಮನೆಯಲ್ಲಿಯೇ ಬೆಳೆದನು. ಅವನು ಓದನ್ನು ಬಿಟ್ಟು ಗೋವೆಯ ಕಡಲ ದಂಡೆಯ ಪಾನಗೃಹವೊಂದರಲ್ಲಿ ಹಾಡಿ ಜೀವಿಸುತ್ತಿರುವನೆಂದು ತಿಳಿದಾಗ, ತಾಯಿಗೆಂದು ಅವನು ಕಳುಹಿಸಿದ್ದ ಹಣವನ್ನು ತಂದವನ ಕೈಯಲ್ಲಿಯೇ ಹಿಂದಿರುಗಿಸಿದೆನು. ಇದು ಐದು ವರ್ಷದ ಹಿಂದಿನ ಮಾತು. ಈಚೆಗೆ ತಂಗಿಯ ಕಣ್ಣು ಮಂದವಾಗಿದೆ. "ಅಣ್ಣ, ನಿನ್ನ ಕೋಪ ನಿನ್ನಲ್ಲಿರಲಿ; ನನ್ನ ಬದಲಿಗೆ ಅವನನ್ನೊಮ್ಮೆ ನೋಡಿ ಬಾ" ಎಂದಳು. ಕುಮಟೆಯಲ್ಲಿ ರೈಲು ಹತ್ತಿ ಕಾಣಕೋಣದಲ್ಲಿ ಇಳಿದೆನು.

ಪಾಳೊಳೆಯ ದಂಡೆಯು ಬಿದಿಗೆಯ ಚಂದ್ರನಂತೆ ಬಾಗಿದೆ. ತೆಂಗಿನ ಸಾಲಿನ ಕೆಳಗೆ ಬಿದಿರು, ಮಡಲುಗಳಿಂದ ಕಟ್ಟಿದ ಚಪ್ಪರ. ಮೇಜುಗಳು ಮರಳಿನ ಮೇಲೆಯೇ. ಪರ್ಣಶಾಲೆಯೆಂಬ ಶಬ್ದವು ಬಾಯಿಗೆ ಬಂದಿತು, ನುಂಗಿಕೊಂಡೆನು. ಅಮರಸಿಂಹನು ಮದ್ಯಕ್ಕೆ ವರುಣಾತ್ಮಜೆಯೆಂಬ ಹೆಸರನ್ನು ಕೊಟ್ಟಿರುವನಷ್ಟೆ. ಇಲ್ಲಿ ಮಗಳು ತಂದೆಯ ಅಂಗಳದಲ್ಲಿಯೇ ಕುಳಿತಿದ್ದಳು. ಗೋಡಂಬಿಯ ಹಣ್ಣಿನಿಂದ ಇಳಿಸುವ ಫೆಣಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆ ಮರವನ್ನು ಪೋರ್ಚುಗೀಸರು ಬ್ರೆಜಿಲಿನಿಂದ ತಂದರಾದಕಾರಣ ಕಾಳಿದಾಸನು ಅದನ್ನು ಅರಿಯನು. ಆದರೆ ತೆಂಗಿನ ಕಳ್ಳಿನ ಫೆಣಿಯೂ ಒಂದುಂಟು. ಅದನ್ನು ಕಂಡಿದ್ದರೆ ಹಳೆಯ ಪರಿಚಯದ ಕುಲವೆಂದು ನಗುತ್ತಿದ್ದನೋ ಏನೋ.

ಎಲ್ಲವೂ ಮನೋಹರವಾಗಿತ್ತೆಂದು ಹೇಳಲಾರೆ. ಪಕ್ಕದ ಮೇಜಿನ ಯುವಕನೊಬ್ಬನು ಅಮಲೇರಿ ಪಾತ್ರೆಯನ್ನು ಒಡೆದನು. ತಿಂಡಿ ತರುವ ಹುಡುಗನು ಬಾಗಿ ಮರಳಿನೊಳಗಿನ ಗಾಜಿನ ಚೂರುಗಳನ್ನು ಬೆರಳುಗಳಿಂದಲೇ ಹುಡುಕಿದನು. ಎದ್ದು ಹೋಗಬೇಕೆನ್ನಿಸಿತು.

ಅಷ್ಟರಲ್ಲಿ ಹಾಡು ಮೊದಲಾಯಿತು. ಗಿಟಾರಿನೊಡನೆ ಎರಡು ಇಂಗ್ಲಿಷ್ ಹಾಡುಗಳಾದವು. ಅವು ನನಗೆ ತಿಳಿಯಲಿಲ್ಲ. ಅನಂತರ ಅವನು ಗಿಟಾರನ್ನು ಬದಿಗಿಟ್ಟು ಒಂದು ಮಣ್ಣಿನ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೊಂಕಣಿಯ ಮಾಂಡೊ ಹಾಡಿದನು. ಗೋವೆಯವರು ಅದನ್ನು ಘುಮಟವೆನ್ನುವರು. 2019ರಲ್ಲಿ ಅಲ್ಲಿಯ ಸರಕಾರವು ಅದನ್ನು ಪರಂಪರೆಯ ವಾದ್ಯವೆಂದು ಘೋಷಿಸಿತು. ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯು ಉಡಕ್ಕೆ ರಕ್ಷಣೆ ಕೊಟ್ಟಿರುವುದರಿಂದ ಈಗ ಆಡಿನ ಚರ್ಮ. ಒಂದು ಕೈ ಬಾರಿಸುತ್ತಿರಲು ಇನ್ನೊಂದು ಕೈಯು ಸಣ್ಣ ಬಾಯನ್ನು ಮುಚ್ಚಿ ತೆರೆಯುತ್ತ ನಾದವನ್ನು ಬಾಗಿಸುವುದು.

ಇದು ನಮ್ಮ ಹಾಲಕ್ಕಿ ಒಕ್ಕಲಿಗರ ಗುಮಟೆಯಲ್ಲವೆ! ಅವನು ಎಂಟು ವರ್ಷದವನಿದ್ದಾಗ ಸುಗ್ಗಿಯ ಕಾಲದಲ್ಲಿ ಅವರ ಕೊಪ್ಪಕ್ಕೆ ಓಡಿ ಹೋಗಿ ಗುಮಟೆಯ ಮುಂದೆ ಕುಳಿತಿರುತ್ತಿದ್ದನು. ಸಂಧ್ಯಾಕಾಲದ ಪಾಠ ತಪ್ಪಿತೆಂದು ಬೆತ್ತದಿಂದ ಹೊಡೆದು ಕರೆತಂದವನು ನಾನೇ. ಒಮ್ಮೆಯಲ್ಲ, ಎಷ್ಟು ಬಾರಿ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು ವಿಧಿಯಿರುವುದರಿಂದ ಹಾಡು ನಿಂತಿತು. ಅವನು ಬಂದು ಕಾಲಿಗೆರಗಿ, "ಮಾವ, ಬೊಂಡ ತಂದಿದ್ದೇನೆ. ನಾನೇ ಕೆತ್ತಿದ್ದು, ಇಲ್ಲಿಯ ಪಾತ್ರೆಗೆ ಸೋಕಿಸಿಲ್ಲ" ಎಂದನು. ಕುಡಿದೆನು. ಮಳೆಗಾಲ ಬರುವ ಮೊದಲೇ ಚಪ್ಪರವನ್ನೆಲ್ಲ ಬಿಚ್ಚಬೇಕೆಂದೂ, ಆ ತಿಂಗಳುಗಳಲ್ಲಿ ಸಂಪಾದನೆಯಿಲ್ಲವೆಂದೂ ಹೇಳಿದನು.

"ಆಗ ಮನೆಗೆ ಬಾ. ಗುಮಟೆಯನ್ನೂ ತಾ" ಎಂದೆನು.

ಹೊರಡುವಾಗ ತಾಯಿಗೆಂದು ಲಕೋಟೆಯೊಂದನ್ನು ಹೊರತೆಗೆದವನು ಕೊಡಲು ಅಂಜಿ ಕೈಯನ್ನು ಅರ್ಧದಲ್ಲಿಯೇ ನಿಲ್ಲಿಸಿದನು. ನಾನು ಅದನ್ನು ತೆಗೆದುಕೊಂಡು ಉತ್ತರೀಯದ ಅಂಚಿಗೆ ಗಂಟು ಹಾಕಿದೆನು.