ಮನಿಗೆ ಬರೋ ಗುಂಡಿ

ನಮ್ಮ ಅಡಗಿಮನ್ಯಾಗ ಒಂದು ಡಿಜಿಟಲ್ ತಕ್ಕಡಿ ಅದ. ನಾ ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೆಂತೆಹಿಟ್ಟು ಮಾಡಿ ಗುರುತಿನವರಿಗೆ ಕೊಡತೀನಲ್ಲ, ಅದಕ್ಕಂತ ತೊಗೊಂಡದ್ದು. 2024ರ ದೀಪಾವಳಿ ಮುಂದ ಒಂದಿನ ಅದರ ಮ್ಯಾಲೆ ನಮ್ಮ ಮಾವನೋರ ಟ್ಯಾಬ್ ಇಟ್ಟು ತೂಗಿದೆ. 331 ಗ್ರಾಂ ಬಂತು. ನಮ್ಮ ಮನಿಯವರು ಬಾಗಲದಾಗ ನಿಂತು ನೋಡಿ, “ಯಾಕ, ರದ್ದಿಗೆ ಹಾಕೋದೇನು?” ಅಂದರು.

“ರದ್ದಿಗಲ್ರಿ. ಹೊಸಾದು ತರೋಕಿಂತ ಮೊದಲ ಹಳೇದು ಎಷ್ಟು ಭಾರ ಇತ್ತು ಅನ್ನೋದು ಗೊತ್ತಿರಬೇಕಲ್ಲ?” ಅಂದೆ.

ಆ ಹಳೇದರ ಕತಿ ಮೊದಲು ಹೇಳಬೇಕು. ಅದು ಐಪ್ಯಾಡ್ ಮಿನಿ 2. 2013ರ ಕೊನಿಗೆ ಪ್ಯಾಟಿಗೆ ಬಂದದ್ದು, ಆವಾಗ ಅಮೆರಿಕಾದಾಗ ಅದಕ್ಕ 399 ಡಾಲರ್. ಮರುವರ್ಷ ನನ್ನ ಮೈದುನ ಬರೋ ಮುಂದ ಅಪ್ಪಗ ಅಂತ ತಂದಿದ್ದ. ಮಾವನೋರು ಹೈಸ್ಕೂಲಿನ್ಯಾಗ ಕನ್ನಡ ಮಾಸ್ತರಿಕಿ ಮಾಡಿ ರಿಟೈರ್ ಆದವರು. “ಈ ಆಟಿಗಿ ಸಾಮಾನು ನನಗ್ಯಾಕೋ” ಅಂತ ಎರಡು ದಿನ ಅದನ್ನ ಮುಟ್ಟಲೇ ಇಲ್ಲ. ಮೂರನೇ ದಿನ ಮೈದುನ ಇಂಟರ್ನೆಟ್ ಆರ್ಕೈವಿನಿಂದ ಕಿಟೆಲ್ ಸಾಹೇಬರ ನಿಘಂಟು ಇಳಿಸಿ ಕೊಟ್ಟ. 1894ರಾಗ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನ್ಯಾಗ ಅಚ್ಚಾದ ಪುಸ್ತಕದ ಪುಟಾನ ಹಂಗ ಹಂಗ ಫೋಟೋ ತಗದಿಟ್ಟದ್ದು. ಮುಗೀತು. ಅವತ್ತಿನಿಂದ ಆ ಟ್ಯಾಬ್ ಮಾವನೋರ ಕೈ ಬಿಟ್ಟು ಇಳೀಲಿಲ್ಲ.

ಅವರಿಗೆ ಬೆನ್ನು ನೋವು, ಭಾಳ ಹೊತ್ತು ಕೂಡೋದಾಗೂದಿಲ್ಲ. ಮಂಚದ ಮ್ಯಾಲೆ ಅಂಗಾತ ಮಲಗಿ, ಎರಡೂ ಕೈಲೆ ಮುಖದ ಮ್ಯಾಲೆ ಹಿಡಕೊಂಡ ಓದತಾರ. ಅಚ್ಚಿನ ಕಿಟೆಲ್ ನಿಘಂಟು ಹಂಗ ಹಿಡಕೊಂಡು ಓದಿದ್ರ ಮೂಗು ಉಳಿಯೋದಿಲ್ಲ. ನಮ್ಮ ಅತ್ತಿಯವರು ತಮ್ಮ ಕುಬಸಕ್ಕ ತಂದು ಉಳಿದಿದ್ದ ಗುಳೇದಗುಡ್ಡ ಖಣದಾಗ ಅದಕ್ಕೊಂದು ಚೀಲ ಹೊಲಿದರು. ಕೆಂಪು ಖಣ, ಅಂಚಿಗೆ ಹಳದಿ. “ನಿಮ್ಮ ಎರಡನೇ ಹೆಂಡ್ತಿಗೂ ಒಂದು ಕುಬಸ ಇರಲಿ” ಅಂತಿದ್ದರು.

ಅತ್ತಿಯವರು ಹೋಗಿ ಈಗ ಮೂರು ವರ್ಷ ಮ್ಯಾಲಾತು. ಅವರು ಹೋದ ಮ್ಯಾಲೆ ಮಾವನೋರಿಗೆ ಮರವು ಶುರು ಆತು. ಮೊದಮೊದಲು ಹೆಸರು ಮರೀತಿದ್ದರು, ಅದು ಯಾರಿಗಿಲ್ಲ ಹೇಳ್ರಿ. ಆಮ್ಯಾಲೆ ಊಟ ಆಗೇದೋ ಇಲ್ಲೋ ಅನ್ನೋದು. ಒಂದು ಸಂಜಿ ಕೊತ್ತಂಬರಿ ತರತೀನಂತ ಹೋದವರು ಕತ್ತಲಾದ್ರೂ ಬರಲಿಲ್ಲ. ಮಾಳಮಡ್ಡ್ಯಾಗ ನಲವತ್ತು ವರ್ಷ ತಿರಗಾಡಿದ ಓಣಿ ಅದು. ಮೂಲಿಮನಿ ಹುಡುಗ ಸ್ಕೂಟರ್ ಮ್ಯಾಲೆ ಕೂಡಿಸಿಕೊಂಡು ಬಂದ. “ಅಜ್ಜಾರು ಸ್ಟೇಶನ್ ಕಡೆ ನಿಂತಿದ್ದರ್ರಿ, ಮನಿ ಯಾವ ಕಡೆ ಅಂತ ನನ್ನ ಕೇಳಿದರು” ಅಂದ. ಕೈಯಾಗ ಕೊತ್ತಂಬರಿ ಸೂಡು ಹಂಗ ಇತ್ತು. ಡಾಕ್ಟರ್ ನೋಡಿ, ಮರವಿನ ಬ್ಯಾನಿ, ಈಗ ಶುರು ಅದ, ರೂಢಿ ಇದ್ದದ್ದನ್ನ ಆದಷ್ಟು ಬದಲ ಮಾಡಬ್ಯಾಡ್ರಿ ಅಂದರು.

ಆದ್ರ ಟ್ಯಾಬ್ ಕೇಳಬೇಕಲ್ಲ. ಹತ್ತು ವರ್ಷದ ಬ್ಯಾಟರಿ, ಯಾವುದಿದ್ರೂ ಅಷ್ಟ. ತಾಸಿಗೊಮ್ಮೆ ವೈರ್ ಹಚ್ಚಬೇಕು. ಅದರ ಸಾಫ್ಟವೇರು ಐಓಎಸ್ 12ಕ್ಕ ನಿಂತಿತ್ತು. ಮುಂಜಾನೆ ಮಲ್ಲಿಕಾರ್ಜುನ ಮನಸೂರರ ಹಾಡು ಕೇಳೋ ಆಪ್ ಒಂದಿನ ತಗೀಲೇ ಇಲ್ಲ. ಮಾವನೋರು ಅದು ತಮ್ಮದ ತಪ್ಪು ಅಂತ ತಿಳಕೊಂಡರು. “ಎಲ್ಲಿ ಒತ್ತಬೇಕು ಅನ್ನೋದು ಮರತೆನವಾ” ಅಂದರು. ನನ್ನ ಕರುಳು ಚುರ್ ಅಂತು. ಅವರು ಮರತದ್ದು ಬ್ಯಾರೆ ಸಾವಿರ ಇರಬಹುದು, ಇದೊಂದು ಮಾತ್ರ ಅವರ ತಪ್ಪಲ್ಲ. ಅವತ್ತು ನಾ ಹಟ ಹಿಡದೆ, ಹೊಸಾದು ತರೋದ ಅಂತ.

ಏನು ತರೋದು ಅನ್ನೋದಕ್ಕ ಮನ್ಯಾಗ ಸಭಾ ಕೂಡಿತು. ಅದs ಅಕ್ಟೋಬರ್ 15ಕ್ಕ ಹೊಸಾ ಐಪ್ಯಾಡ್ ಮಿನಿ ಬಂದಿತ್ತು. ಮೈದುನ ಫೋನಿನ್ಯಾಗ, “ವೈನಿ, ಕಣ್ಣು ಮುಚ್ಚಿ ಅದನ್ನ ತೊಗೋರಿ. 2021ರ ಮಿನಿಕಿಂತ ಚಿಪ್ ಹೊಸಾದು, ಎ17 ಪ್ರೋ. ಮೊದಲ 64 ಜಿಬಿ ಇತ್ತು, ಈಗ ಶುರುನ 128. ಹೊಸಾ ಪೆನ್ಸಿಲ್ ನಡೀತದ, ಎಐ ನಡೀತದ” ಅಂತ ಪಾಠ ಒಪ್ಪಿಸಿದ. ಬೆಲಿ ಕೇಳಿದ್ರ 49,900. ನಮ್ಮ ಮನಿಯವರು ಎದ್ದ ನಿಂತರು. “ಹದಿಮೂರು ಸಾವಿರದಾಗ ಆಂಡ್ರಾಯ್ಡ್ ಟ್ಯಾಬ್ ಬರತದ, 8.7 ಇಂಚು. ಹೆಡಫೋನ್ ತೂತೂ ಅದ, ಕಾರ್ಡೂ ಹಾಕಬಹುದು. ನಿಘಂಟು ಓದಲಿಕ್ಕೆ ಐವತ್ತು ಸಾವಿರ ಯಾಕ?” ಅಂದರು. ನನ್ನ ಮಗ ನಡುವ ಬಾಯಿ ಹಾಕಿ, “ಅಜ್ಜಗ ಕಣ್ಣು ಮಂಜು, ದೊಡ್ಡ ಸ್ಕ್ರೀನ್ ಬೇಕು. 10.9 ಇಂಚಿನ ಐಪ್ಯಾಡ್ ಮಿನಿಕಿಂತ ಸೋವಿ” ಅಂದ.

ಮೂವರು ಹೇಳಿದ್ದೂ ಖರೇನ. ಅದಕ್ಕ ನಾ ತಕ್ಕಡಿ ತಗದದ್ದು.

ಮೂರು ಪ್ಲಾಸ್ಟಿಕ್ ಚೀಲದಾಗ ಹಿಂಡಿ ತುಂಬಿದೆ. ಹೊಸಾ ಮಿನಿ ತೂಕದ್ದು 293 ಗ್ರಾಂ, ಆಂಡ್ರಾಯ್ಡಿಂದು 332, ದೊಡ್ಡ ಐಪ್ಯಾಡಿಂದು 477. ಒಂದೊಂದನ್ನ ಒಂದು ರಟ್ಟಿಗೆ ಕಟ್ಟಿ ಮಾವನೋರ ಕೈಯಾಗ ಕೊಟ್ಟು, “ಅಪ್ಪಾ, ಓದೋ ಹಂಗ ಹಿಡಕೋರಿ” ಅಂದೆ. ಅವರಿಗೆ ನಾನೂ ಅಪ್ಪಾ ಅಂತನ ಕರಿಯೋದು.

“ಏನವಾ ಇದು, ಹಿಂಡಿ ಓದಲೇನು?” ಅಂದರು. ಆದ್ರೂ ಪಾಪ, ಹಿಡದರು. 293 ಆರಾಮ. 332, ಅದೂ ಅವರ ರೂಢಿ ತೂಕಾನ, ಸುಮ್ಮನ ಹಿಡಕೊಂಡಿದ್ದರು. 477 ಹಿಡದ ಎರಡು ನಿಮಿಷಕ್ಕ ಮೊಳಕೈ ನಡಗಿ ರಟ್ಟು ಎದಿ ಮ್ಯಾಲೆ ಇಳೀತು. ನಡುವಿನ ಅಂತರ ಇನ್ನೂರು ಗ್ರಾಂನೂ ಇಲ್ಲ, ಒಂದು ವಾಟಗ ನೀರಿನಷ್ಟು. ಆದ್ರ ಮಲಗಿ ಓದೋ ಮುದುಕರ ಕೈಗೆ ಅದು ಗುಡ್ಡ. ದೊಡ್ಡದು ಅಲ್ಲಿಗೆ ಬಾದ್ ಆತು. ಮಗ ಮುಖ ಸಣ್ಣ ಮಾಡಿದ.

ಉಳದ ಎರಡಕ್ಕ ಹುಬ್ಬಳ್ಳಿ ಅಂಗಡಿಗೆ ಮಾವನೋರನ್ನೂ ಕರಕೊಂಡ ಹೋದ್ವಿ. ಎರಡರಾಗೂ ಅದ ಕಿಟೆಲ್ ಪುಟ ತಗಸಿದೆ. ಇಲ್ಲೊಂದು ಮಾತು ಕನ್ನಡ ಓದೋ ಎಲ್ಲಾರಿಗೂ ಉಪಯೋಗ ಆದೀತು, ಲಕ್ಷ್ಯಗೊಟ್ಟು ಕೇಳ್ರಿ. ಇಂಗ್ಲೀಷಿನಂಗ ನಮ್ಮ ಅಕ್ಷರ ಒಂದ ಸಾಲಿನ್ಯಾಗ ಕೂಡೂದಿಲ್ಲ, ಕೆಳಗ ಒತ್ತು ಜೋತಾಡತಾವ. ಹಳೇ ಅಚ್ಚಿನ್ಯಾಗ ಆ ಒತ್ತು ಎಳ್ಳುಕಾಳಿನಷ್ಟು. ಸೋವಿ ಟ್ಯಾಬಿನ್ಯಾಗ ಒಂದು ಇಂಚಿಗೆ ಸುಮಾರು 180 ಚುಕ್ಕಿ, ಮಿನಿಯೊಳಗ 326. ನಮ್ಮ ಹಳೇ ಮಿನಿ 2ರಾಗೂ 326 ಇತ್ತು. ಸಿನೆಮಾ ನೋಡೋರಿಗೆ ಈ ಫರಕು ಏನೂ ಅಲ್ಲ. ಆದ್ರ ಕಡಿಮಿ ಚುಕ್ಕಿ ಇದ್ದಲ್ಲೆ ತ ಒತ್ತು ಯಾವುದು, ನ ಒತ್ತು ಯಾವುದು ಅಂತ ತಿಳೀಬೇಕಂದ್ರ ಪುಟಾನ ಇನ್ನೂ ಹಿಗ್ಗಿಸಬೇಕು. ಹಿಗ್ಗಿಸಿದ್ರ ಪೂರಾ ಸಾಲು ಕಾಣೂದಿಲ್ಲ, ಆಕಡೆ ಈಕಡೆ ಸರಿಸಬೇಕು. ನಾವು ನೀವು ಸರಿಸೇವು. ಮಾವನೋರು ಪುಟ ಸರಿಸಿ ಸಾಲಿನ ಕೊನಿಗೆ ಹೋಗೋದ್ರಾಗ ಸಾಲಿನ ಸುರುವಾತು ಮರತಿರತಾರ. ಎರಡು ಸಲ ಹಂಗ ಮಾಡಿ ಅದನ್ನ ಕೆಳಗಿಟ್ಟುಬಿಟ್ಟರು. ಮಿನಿ ಹಿಡದಾಗ ಸಾಲು ಪೂರಾ ಓದಿ, ಒಂದು ಶಬ್ದಕ್ಕ ಬಟ್ಟಿಟ್ಟು, “ಇದನ್ನ ನಮ್ಮವ್ವ ಅಂತಿದ್ದಳು” ಅಂದರು. ನಮ್ಮ ಮನಿಯವರು ನನ್ನ ಕಡೆ ನೋಡಿದರು. ಏನೂ ಅನಲಿಲ್ಲ.

ಇನ್ನೇನು ಆತು ಅನ್ನೂದ್ರಾಗ ಮಾವನೋರು ಹೆಬ್ಬಟ್ಟು ಕೆಳಗಿನ ಅಂಚಿಗೆ ತಂದು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಟ್ಯಾಬ್ ತಿರಗಿಸಿ ಹಿಂದ ನೋಡಿದರು.

“ಗುಂಡಿ ಎಲ್ಲಿ?”

ಹಳೇ ಮಿನಿಯೊಳಗ ಕೆಳಗ ನಡುವ ಒಂದು ದುಂಡನ ಗುಂಡಿ ಇತ್ತಲ್ಲ, ಎಲ್ಲೇ ಹೋಗಿರ್ರಿ, ಅದನ್ನ ಒತ್ತಿದ್ರ ಮೊದಲಿನ ಪುಟಕ್ಕ ಬರತಿತ್ತು. ಅದರ ಹೆಸರು ಹೋಮ್ ಬಟನ್. ಮೈದುನ ಕಲಿಸೋ ಮುಂದ, “ಅಪ್ಪಾ, ದಾರಿ ತಪ್ಪಿದ್ರ ಇದನ್ನ ಒತ್ತು, ಮನಿಗೆ ಬರತೀ” ಅಂತ ಹೇಳಿಕೊಟ್ಟಿದ್ದ. 2021ರಿಂದ ಮಿನಿಗೆ ಆ ಗುಂಡಿ ಇಲ್ಲ. ಮನಿಗೆ ಬರಬೇಕಂದ್ರ ಕೆಳಗಿನಿಂದ ಮ್ಯಾಲಕ್ಕ ಬಟ್ಟು ಸರಸಬೇಕು. ಅಂಗಡಿ ಹುಡುಗ ಐದು ಸಲ ತೋರಿಸಿದ. ಐದು ಸಲಾನೂ ಮಾವನೋರು ಮಾಡಿದರು, ಆರನೇದ್ದಕ್ಕ ಮತ್ತ ಹೆಬ್ಬಟ್ಟು ಒತ್ತಿದರು. ಆಮ್ಯಾಲೆ ಟ್ಯಾಬ್ ನನ್ನ ಕೈಗೆ ಕೊಟ್ಟು, “ಬ್ಯಾಡವಾ. ಇದರಾಗಿಂದ ಮನಿಗೆ ಹೆಂಗ ಬರೋದು?” ಅಂದರು.

ಅವತ್ತು ಏನೂ ತೊಗೊಳ್ಳದ ವಾಪಸ್ ಬಂದ್ವಿ. ಬಸ್ಸಿನ್ಯಾಗ ಯಾರೂ ಮಾತಾಡಲಿಲ್ಲ.

ರಾತ್ರಿ ಮಗ ಫೋನಿನ್ಯಾಗ ಹುಡುಕ್ಯಾಡಿ ಎದ್ದು ಬಂದ. “ಅವ್ವಾ, ಗುಂಡಿ ಮಾಡಿ ಕೂಡಿಸಬಹುದು” ಅಂದ. ಸೆಟಿಂಗ್ಸಿನ್ಯಾಗ ಆಕ್ಸೆಸಿಬಿಲಿಟಿ ಅಂತ ಅದ, ಅದರಾಗ ಟಚ್, ಅದರಾಗ ಅಸಿಸ್ಟಿವ್ ಟಚ್. ಅದನ್ನ ಚಾಲೂ ಮಾಡಿದ್ರ ಗಾಜಿನ ಮ್ಯಾಲೆ ಒಂದು ದುಂಡನ ಗುಂಡಿ ತೇಲತದ. ಒಮ್ಮೆ ಮುಟ್ಟಿದ್ರ ಮನಿಗೇ ಬರೋ ಹಂಗ ಇಡಬಹುದು, ಎಳದು ಕೆಳಗಿನ ಅಂಚಿಗೂ ತರಬಹುದು. ನಾ ಇಷ್ಟೆಲ್ಲಾ ತೂಗಿದ್ದೆ, ಇದೊಂದು ಯಾವ ತಕ್ಕಡಿಗೂ ಬಿದ್ದಿರಲಿಲ್ಲ.

ಎರಡು ದಿನ ಬಿಟ್ಟು ಮಿನಿ ತಂದ್ವಿ. ಮೈದುನ ಅರ್ಧ ಹಾಕಿದ, ನಮ್ಮ ಮನಿಯವರು ಗೊಣಗಿಕೋತ ಉಳದದ್ದು ಹಾಕಿದರು, ಅದರಾಗ ನನ್ನ ಹಿಂಡಿ ರೊಕ್ಕಾನೂ ಅದ.

ಈಗ ವಾಪರಸಿ ನೋಡಿ ಹೇಳತೀನಿ. ಹಾಡಿನ ದನಿ ಛಲೋ ಅದ. ಅಡ್ಡ ಹಿಡದ್ರ ಎರಡೂ ಕಡಿಂದ ಕೇಳಸತದ, ಹಳೇದರಾಗ ಒಂದ ಬದಿಗೆ ಇತ್ತು. ಹೆಡಫೋನ್ ತೂತು ಇಲ್ಲ, ಮಾವನೋರ ಹಳೇ ವೈರ್ ಮೂಲಿಗೆ ಬಿತ್ತು, ಟೈಪ್ ಸಿ ಇಂದು ತರಬೇಕಾತು. ಪೆನ್ಸಿಲ್ ನಮಗ ಬ್ಯಾಡ. ಎಐ ಅನ್ನೋದು ಕನ್ನಡ ಬಲ್ಲದಲ್ಲ, ಅದೂ ಬ್ಯಾಡ. ಚಿಪ್ಪು ಎಷ್ಟು ಜೋರದ ಅಂತ ಕಿಟೆಲ್ ಪುಟ ತಿರಗಿಸೋರಿಗೆ ಗೊತ್ತಾಗೂದಿಲ್ಲ. ಆದ್ರ ಹೊಸಾ ಚಿಪ್ ಇದ್ರ ಸಾಫ್ಟವೇರು ಇನ್ನಷ್ಟು ವರ್ಷ ಬರತಿರತದ, “ಎಲ್ಲಿ ಒತ್ತಬೇಕೋ ಮರತೆ” ಅನ್ನೋ ಮಾತು ಲಗೂನ ಕೇಳೋ ಪಾಳಿ ಬರೂದಿಲ್ಲ. ನಾ ರೊಕ್ಕ ಕೊಟ್ಟದ್ದು ಅದಕ್ಕ. ಸಣ್ಣ ಮಕ್ಕಳಿಗೆ, ಸಿನೆಮಾ ನೋಡೋರಿಗೆ ಆ ಹದಿಮೂರು ಸಾವಿರದ್ದು ಧಾರಾಳ ಸಾಕು, ಸುಳ್ಳ ಹೇಳೂದಿಲ್ಲ. ಹಿರಿಯರಿಗೆ ತರೋದಿದ್ರ ಮಾತ್ರ ಹೊಸಾದು ಏನೇನು ಬಂದದ ಅನ್ನೋದಕ್ಕಿಂತ, ಅವರ ಕೈಗೆ ರೂಢಿ ಆದದ್ದರಾಗ ಏನೇನು ಉಳದದ ಅಂತ ಮೊದಲು ನೋಡ್ರಿ. ಮತ್ತ ಅವರನ್ನ ಅಂಗಡಿಗೆ ಕರಕೊಂಡ ಹೋಗ್ರಿ. ಆ ಗುಂಡಿ ನೆನಪು ನಮಗ್ಯಾರಿಗೂ ಆಗಿರಲಿಲ್ಲ.

ಗುಂಡಿ ಕತಿ ಪೂರಾ ಸುಖಾಂತ ಅಂತಲ್ಲ. ಕೆಲವೊಂದು ದಿನ ಮಾವನೋರು ಅದನ್ನ ಬಿಟ್ಟು ಬದಿಗೆ ಒತ್ತತಾರ. ಆವಾಗ ನಾ ಕೂತು ಅವರ ಹೆಬ್ಬಟ್ಟು ಹಿಡದು ಆ ದುಂಡಕ್ಕ ತರತೀನಿ. ತಿರಗಿ ಮೊದಲಿನ ಪುಟ ಬಂದ ಕೂಡಲೆ “ಹಾಂ, ಮನಿಗೆ ಬಂತು” ಅಂತಾರ.

ಇನ್ನೊಂದು ಹೇಳೋದು ಮರತಿದ್ದೆ. ಹೊಸಾ ಮಿನಿ ಅಗಲ ಹಳೇದರಷ್ಟ ಅದ, ಉದ್ದ ಅರ್ಧ ಸೆಂಟಿಮೀಟರಿನಷ್ಟು ಕಡಿಮಿ. ತಂದ ದಿನ ಮಾವನೋರು ಅದನ್ನ ಯಾರದೋ ಸಾಮಾನು ನೋಡಿದಂಗ ನೋಡಲಿಕ್ಕತ್ತಿದ್ದರು. ನಾ ಖಣದ ಚೀಲ ತಂದು ಅದರಾಗ ಇಳಿಸಿದೆ, ಸರಿಯಾಗಿ ಕೂತುಬಿಟ್ಟಿತು. ಚೀಲದ ಮ್ಯಾಲೆ ಕೈಯಾಡಿಸಿ, “ಇದು ನಂದ ಅಲ್ಲೇನು?” ಅಂದರು.

“ಹೌದ್ರಿ ಅಪ್ಪಾ, ನಿಮ್ಮದ” ಅಂದೆ. ಚೀಲ ದಿಂಬಿನ ಬಾಜೂಕ ಇಟಗೊಂಡು ಚಸ್ಮಾ ಹುಡುಕಲಿಕ್ಕತ್ತಿದರು.