ಷರಾ

ನಕಾಶೆಯ ಪದರಗಳಲ್ಲಿ ಮೇಲು-ಕೆಳಗು ಬಿಟ್ಟರೆ ಕೆಲಸ ನಡೆಯದು. ಉಪಗ್ರಹದ ಚಿತ್ರ ತಳಕ್ಕೆ, ಅದರ ಮೇಲೆ ಸರ್ವೆ ನಂಬರಿನ ಗಡಿ, ಆಮೇಲೆ ಕೆನಾಲು-ದಾರಿ, ಎಲ್ಲಕ್ಕೂ ಮೇಲೆ ಬಾವಿ, ಗಿಡ, ಬಾಂದಗಲ್ಲಿನ ಚುಕ್ಕಿಗಳು. ಚಂದ ಕಾಣಲೆಂದು ಹೊಲಕ್ಕೆ ಹಸಿರು ತುಂಬಿ ಮೇಲಿಟ್ಟರೆ ಇಡೀ ಕೊಣ್ಣೂರ ಊರೇ ಅದರಡಿ ಮಾಯ. ಗೆರೆ ಉಳಿಸಿ ಹೊಟ್ಟೆ ಖಾಲಿ ಬಿಡಬೇಕು.

ಕಾಕಾನ ಹೊಲದ ಬದುವಿನ ಮೇಲೆ ಕೂತು ಅಂಗೈಯಗಲದ ಜಿಪಿಎಸ್ ಯಂತ್ರಕ್ಕೆ ಇದನ್ನೆಲ್ಲ ಕಲಿಸುತ್ತಿದ್ದೆ. ಬಿಸಿಲಿಗೆ ಪರದೆ ಕಾಣದು.

"ಏನ್ ಮಾಡಾಕತ್ತಿಯೋ ತಮ್ಮಾ?"

"ನಿಮ್ಮ ಹೊಲ ಹುಡುಕಾಕತ್ತೇನಿ ಕಾಕಾ."

"ಹೊಲದಾಗ ಕುಂತು?"

ಹುಡುಕಲೇಬೇಕಿತ್ತು. ನಕಾಶೆ ತುಂಬಿಡುವ ಶೇಪ್‌ಫೈಲ್ ಅನ್ನುವುದು ಒಂದು ಫೈಲಲ್ಲ, ಕೂಡುಕುಟುಂಬ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂವರಲ್ಲಿ ಒಬ್ಬರು ಮುನಿದರೂ ಉಳಿದವರು ಹೊರಡುವುದಿಲ್ಲ. ಪಿಆರ್‌ಜೆ ಬಾರದಿದ್ದರೆ ಬಂದವರಿಗೆ ತಾವು ಯಾವ ಊರಿನವರೆಂಬುದೇ ಗೊತ್ತಿರುವುದಿಲ್ಲ. ನಮ್ಮದು ಯುಟಿಎಂ 43ನೇ ವಲಯ ಎಂದು ಹೇಳಿಕೊಡಬೇಕು. ಇಷ್ಟಾದರೂ ಹಳೆಯ ನಕಾಶೆ ಭೂಮಿಯ ಆಕಾರಕ್ಕೆ 1830ರ ಎವರೆಸ್ಟ್ ಸಾಹೇಬನ ಲೆಕ್ಕ ನಂಬಿದ್ದು. ಯಂತ್ರ ನಂಬುವುದು 1984ರ ಲೆಕ್ಕವನ್ನು. ಹೊಂದಿಸದೆ ಒಂದರ ಮೇಲೊಂದು ಹಾಸಿದರೆ ಊರು ನೂರಕ್ಕೂ ಹೆಚ್ಚು ಮೀಟರ್ ಸರಿಯುತ್ತದೆ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಮಿಲ್ಲು ಘಟಪ್ರಭೆಯೊಳಗೆ ಇಳಿದರೂ ಯಂತ್ರಕ್ಕೆ ಅಚ್ಚರಿಯಿಲ್ಲ.

ಕಾಕಾನ ಬಳಿಯೂ ನಕಾಶೆಯಿದೆ. ಬೇವಿನ ಗಿಡದ ಹೊಲ, ಬಾಂವಿ ಹೊಲ, ಕೆನಾಲ್ ಆಚೆಗಿನ ಹಕ್ಕಲು. ಬೇವಿನ ಗಿಡ ಬಿದ್ದು ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಯಿತು. ಆದರೂ ಅಲ್ಲಿ ನೆರಳಿಗೆ ಬಾ ಎಂದೇ ಕರೆಯುತ್ತಾನೆ. ಅವನ ಪದರಕ್ಕೆ ಆಫ್ ಮಾಡುವ ಗುಂಡಿಯಿಲ್ಲ.

ಈ ಹೆಸರುಗಳು ನಕಾಶೆಯಲ್ಲಿ ಕಳೆದುಹೋದುದಕ್ಕೆ ಯಂತ್ರವೊಂದನ್ನೇ ಬೈದರೆ ಅನ್ಯಾಯ. ಮುಂಬಯಿ ಸರಕಾರದ ಮೋಜಣಿಯವರು 33 ಅಡಿಯ ಸರಪಳಿ ಎಳೆದು, ಅದನ್ನು 16 ಆಣೆಗಳಾಗಿ ಹಂಚಿ, 40 ಗುಂಟೆಗೊಂದು ಎಕರೆ ಕಟ್ಟಿದಾಗಲೇ ಹೊಲಗಳು ನಂಬರುಗಳಾದವು. ಹೆಸರುಗಳು ಕಾಗದದಿಂದ ಬಾಯಿಗೆ ವರ್ಗವಾದವು. ಊರ ದಕ್ಷಿಣಕ್ಕೆ ಗುಡ್ಡದ ಬುಡದಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಗೋರಿಗಳಿವೆ, ಬೃಹತ್ ಶಿಲಾಯುಗದವು. ಅಲ್ಲಿ ಮಲಗಿದವರಂತೂ ಯಾವ ಉತಾರವೂ ಇಲ್ಲದೆ ಸಾವಿರಾರು ವರ್ಷ ಜಾಗ ಬಿಟ್ಟುಕೊಟ್ಟಿಲ್ಲ.

ಗಿಡದ ಚುಕ್ಕಿ ಇಡಲು ಹೋದರೆ ಯಂತ್ರ ಪಟ್ಟಿ ಚಾಚಿತು: ಬೇವು, ಜಾಲಿ, ಮಾವು, ಇತರೆ. ಇಲ್ಲದ ಬೇವು ಯಾವುದರಲ್ಲಿ ಸೇರಬೇಕು? ಉಳಿದದ್ದು 'ಷರಾ' ಕಾಲಂ. ಅದಕ್ಕೆ 254 ಬೈಟ್ ಜಾಗ. ಇಂಗ್ಲಿಷಿನಲ್ಲಾದರೆ ಅಕ್ಷರಕ್ಕೆ ಒಂದು ಬೈಟ್. ನಮ್ಮ ಯೂನಿಕೋಡ್ ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಗುಣಿತಕ್ಕೆ ಮತ್ತೆ ಮೂರು, ಒತ್ತು ಬಂದರೆ ಇನ್ನಷ್ಟು. ಕನ್ನಡದಲ್ಲಿ ಬರೆಯುವವನು ಎಲ್ಲ ಕಡೆಯೂ ಚುಟುಕಾಗಿ ಬರೆಯಬೇಕೆಂದು ಯಾರೋ ತೀರ್ಮಾನಿಸಿದಂತಿದೆ.

ಕಾಕಾ ಹೇಳಿದ, ನಾನು ಒತ್ತಿದೆ: "ಬೇವಿನ ಗಿಡದ ಹೊಲ. ನಮ್ಮ ಮುತ್ಯಾ ಹಿಂದಕ ಗೋಕಾವಿ ಸಂತ್ಯಾಗ ಜೋಡೆತ್ತು ಮಾರಿ ಇದನ್ನ ತಗೊಂಡ್ರು. ಆ ಎತ್ತಿನ ಹೆಸರು"

ಅಲ್ಲಿಗೆ ಜಾಗ ತೀರಿತು.

"ಮುಂದ ಬರಿ," ಅಂದ ಕಾಕಾ.

"ಹಿಡಿಯಂಗಿಲ್ಲ ಕಾಕಾ."

"ಹಂಗಾರ ಮುತ್ಯಾನ್ನ ಅಳಿಸು. ಎತ್ತು ಬರಿ."